ಜರ್ಮನಿಯ ಸಣ್ಣ ಊರಲ್ಲಿ ಸಸ್ಯಾಹಾರಿ: ಸಾರಿನ ಪುಡಿ ಮುಗೀತಾ ಬಂತು, ದಿನಸಿ ಎಲ್ಲಿ ಹುಡುಕಲಿ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವಳು. ಅಕ್ಟೋಬರ್‌ನಲ್ಲಿ ಓದಲು ಜರ್ಮನಿಯ ಇಲ್ಮೆನಾವ್‌ಗೆ ಬಂದೆ. ಟ್ಯೂರಿಂಗಿಯಾದ ಸಣ್ಣ ಊರು, ಸುತ್ತ ಕಾಡು, ಗುಡ್ಡ. ನೋಡಲು ಮಲೆನಾಡಿನ ಹಾಗೇ ಇದೆ. ಆದರೆ ನಮ್ಮ ಸಾಮಾನು ಸಿಗುವ ಅಂಗಡಿ ಇನ್ನೂ ಕಣ್ಣಿಗೆ ಬಿದ್ದಿಲ್ಲ.

ಅಮ್ಮ ಕಟ್ಟಿಕೊಟ್ಟ ತೊಗರಿಬೇಳೆ ಡಿಸೆಂಬರಿಗೇ ಮುಗಿಯಿತು. ಸಾರಿನ ಪುಡಿ ಡಬ್ಬಿಯಲ್ಲಿ ಇನ್ನು ಮೂರು ಚಮಚ ಇರಬಹುದು. ಅದನ್ನು ಮುಟ್ಟಲು ಮನಸ್ಸೇ ಬರುತ್ತಿಲ್ಲ. ಕಳೆದ ವಾರ ಸೂಪರ್‌ಮಾರ್ಕೆಟ್‌ನಲ್ಲಿ ಥೇಟ್ ಜೀರಿಗೆಯಂತೆ ಕಾಣುವ ಪೊಟ್ಟಣ ಸಿಕ್ಕಿತು, ಮೇಲೆ ‘ಕ್ಯುಮೆಲ್’ ಎಂದಿತ್ತು. ಖುಷಿಯಿಂದ ತಂದು ಒಗ್ಗರಣೆಗೆ ಹಾಕಿದೆ. ಎಣ್ಣೆಗೆ ಬಿದ್ದ ತಕ್ಷಣ ಎಂಥದ್ದೋ ಔಷಧಿ ವಾಸನೆ ಬಂತು. ಹಾಳಾಗಿದೆಯೇನೋ ಎಂದುಕೊಂಡು ಸಾರೆಲ್ಲ ಚೆಲ್ಲಿದೆ. ಆವತ್ತು ಅಡುಗೆಮನೆಯಲ್ಲೇ ನಿಂತು ಅತ್ತುಬಿಟ್ಟೆ.

ಇನ್ನೊಂದು ವಿಷಯ. ಎರಡು ತಿಂಗಳು ಬೆಳಗ್ಗೆ ತಿಂದ ಒಂದು ಥರದ ಬನ್ನಿನಲ್ಲಿ ಹಂದಿ ಕೊಬ್ಬು ಇದೆ ಅಂತ ಸಹಪಾಠಿ ಪೊಟ್ಟಣ ಓದಿ ಹೇಳಿದಳು. ನಮ್ಮ ಮನೆಯಲ್ಲಿ ಮೊಟ್ಟೆಯನ್ನೂ ತಿನ್ನುವುದಿಲ್ಲ. ಅಮ್ಮನಿಗೆ ಇನ್ನೂ ಹೇಳಿಲ್ಲ.

ತೊಗರಿಬೇಳೆ, ಇಂಗು, ಕರಿಬೇವು, ರವೆ, ಅಕ್ಕಿಹಿಟ್ಟು, ರಾಗಿಹಿಟ್ಟು ಎಲ್ಲಿ ಸಿಗುತ್ತವೆ? ಇಲ್ಲಿನ ಹೆಸರೇನು? ಪೊಟ್ಟಣದ ಮೇಲೆ ಏನು ನೋಡಬೇಕು? ದಯವಿಟ್ಟು ಹೇಳಿ.

ರೈನ್_ದಂಡೆ

ತಂಗಿ, ಮೊದಲು ಜೀರಿಗೆ ವಿಷಯ. ಕ್ಯುಮೆಲ್ ಹಾಳಾಗಿರಲಿಲ್ಲ, ಅದು ಬೇರೆಯೇ ಕಾಳು. ಸೀಮೆ ಜೀರಿಗೆ ಅಂತಾರಲ್ಲ, ಅದು. ಇಲ್ಲಿನವರು ಕೋಸಿಗೂ ಬ್ರೆಡ್ಡಿಗೂ ಹಾಕುತ್ತಾರೆ. ನಮ್ಮ ಜೀರಿಗೆಗೆ ‘ಕ್ರೊಯ್ಟ್ಸ್‌ಕ್ಯುಮೆಲ್’ ಎಂದು ಬರೆದಿರಬೇಕು. ಮುಂದೆ ಆ ‘ಕ್ರೊಯ್ಟ್ಸ್’ ಇದೆಯಾ ಅಂತ ನೋಡಿಯೇ ತಗೊಳ್ಳಿ.

ನಾನು 11 ವರ್ಷದಿಂದ ಕಲೋನ್‌ನಲ್ಲಿದ್ದೇನೆ. ನೆನಪಿಗೆ ಬಂದದ್ದು ಬರೆಯುತ್ತೇನೆ. ಅರಿಶಿನ ಕುರ್ಕುಮಾ. ಮೆಂತ್ಯ ಬಾಕ್ಸ್‌ಹೋರ್ನ್‌ಕ್ಲೇ. ಕಡಲೆಹಿಟ್ಟು ಕಿಖರ್‌ಎರ್ಬ್ಸೆನ್‌ಮೇಲ್. ಸಾಸಿವೆ ಸೂಪರ್‌ಮಾರ್ಕೆಟ್‌ನಲ್ಲಿ ಸಾಮಾನ್ಯವಾಗಿ ಹಳದಿಯದ್ದೇ ಸಿಗುವುದು. ಸಿಡಿಯುತ್ತದೆ, ಆದರೆ ಆ ಘಮ ಇಲ್ಲ. ರವೆಗೆ ‘ಗ್ರೀಸ್’ ಎನ್ನುತ್ತಾರೆ, ಅದರಲ್ಲಿ ಎರಡು ಥರ. ವೈಖ್‌ವೈಟ್ಸನ್ ಎಂದಿದ್ದರೆ ಮೆತ್ತಗಿನ ಗೋಧಿಯದ್ದು, ಉಪ್ಪಿಟ್ಟು ಮುದ್ದೆಯಾಗುತ್ತದೆ. ಹಾರ್ಟ್‌ವೈಟ್ಸನ್ ತಗೊಳ್ಳಿ, ಚೆನ್ನಾಗಿ ಹುರಿದುಕೊಂಡರೆ ಉದುರುದುರಾಗಿ ಬರುತ್ತದೆ.

‘ಗೆಲ್ಬ ಲಿನ್ಸೆನ್’ ಎಂದು ಹಳದಿ ಬೇಳೆ ಕಂಡರೆ ತೊಗರಿಬೇಳೆ ಅಂತ ಮೋಸ ಹೋಗಬೇಡಿ. ಅದು ಸಿಪ್ಪೆ ತೆಗೆದ ಮಸೂರ ಜಾತಿಯದ್ದು. ಹಳದಿ ಬಟಾಣಿ ಬೇಳೆಯೂ ಅದರ ಪಕ್ಕದಲ್ಲೇ ಇರುತ್ತದೆ.

ಕಾವೇರಿ_ಕಣಿವೆ

ಕ್ಯುಮೆಲ್ ಒಗ್ಗರಣೆ ನಾನೂ ಹಾಕಿದ್ದೇನೆ, ಮ್ಯೂನಿಕ್‌ನಲ್ಲಿ. ಅಳಬೇಡಿ ಪ್ಲೀಸ್.

ಹಾಸನದ_ಆಲೂಗಡ್ಡೆ

ಪೊಟ್ಟಣದ ಮೇಲೆ ‘ವೆಗೆಟಾರಿಶ್’ ಎಂದು ಬರೆದಿರುತ್ತದೆ. ಅದನ್ನು ನೋಡಿ ತಗೊಂಡರೆ ಆಯಿತು. ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳಬೇಕು?

ಲೇಬಲ್_ಓದುವವಳು

ಇಲ್ಲ ಸರ್, ಅಷ್ಟಕ್ಕೇ ಆಗುವುದಿಲ್ಲ. ಊರಲ್ಲಿ ಹಸಿರು ಚುಕ್ಕೆ ಇದ್ದರೆ ಮೊಟ್ಟೆ ಇಲ್ಲ ಎಂದೇ ಅರ್ಥ. ಇಲ್ಲಿ ವೆಗೆಟಾರಿಶ್ ಅಂದರೆ ಮೊಟ್ಟೆ ಇರಬಹುದು. ಬಿಸ್ಕತ್ತು, ಪಾಸ್ತಾ, ಸಸ್ಯಾಹಾರಿ ಸಾಸೇಜ್ ಎಲ್ಲದರಲ್ಲೂ ಇರಬಹುದು. ಇವರು ಮೊಟ್ಟೆ ತಿನ್ನುವುದಿಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದಾರೆ.

ತುಂಗಾತೀರ, ಹೊಸ ಊರಲ್ಲಿ ಮೊದಲ ವರ್ಷ ‘ವೇಗನ್’ ಎಂದು ಬರೆದದ್ದನ್ನೇ ತಗೊಳ್ಳಿ. ಅದರಲ್ಲಿ ಹಾಲೂ ಇಲ್ಲ, ಮೊಟ್ಟೆಯೂ ಇಲ್ಲ. ಹಾಲು ಮೊಸರು ಬೇರೆ ತಗೊಂಡರಾಯಿತು. ‘ಐ’ ಅಂದರೆ ಮೊಟ್ಟೆ, ‘ಐಯರ್’ ಅಂದರೆ ಮೊಟ್ಟೆಗಳು. ಇದು ಅಲರ್ಜಿ ಪಟ್ಟಿಯಲ್ಲಿ ಬರುವುದರಿಂದ ದಪ್ಪ ಅಕ್ಷರದಲ್ಲಿ ಹಾಕಿರುತ್ತಾರೆ, ಬೇಗ ಕಣ್ಣಿಗೆ ಬೀಳುತ್ತದೆ. ಗೆಲಾಟೀನೆ (ಪ್ರಾಣಿಯ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್), ಶ್ಮಾಲ್ಟ್ಸ್ (ಕೊಬ್ಬು, ಸಾಮಾನ್ಯವಾಗಿ ಹಂದಿಯದ್ದು), ಶ್ಪೆಕ್ (ಕೊಬ್ಬಿರುವ ಹಂದಿ ಮಾಂಸ) ಈ ಮೂರು ಪದ ಬಾಯಿಪಾಠ ಮಾಡಿ. ಇ 120 ಎಂದರೆ ಹುಳುವಿನಿಂದ ತೆಗೆದ ಕೆಂಪು ಬಣ್ಣ. ಇ 471 ಗಿಡದ ಎಣ್ಣೆಯದ್ದೂ ಇರಬಹುದು, ಪ್ರಾಣಿ ಕೊಬ್ಬಿನದ್ದೂ ಇರಬಹುದು, ಪೊಟ್ಟಣ ನೋಡಿದರೆ ತಿಳಿಯುವುದಿಲ್ಲ.

ಚೀಸ್ ವಿಷಯದಲ್ಲಿ ಇನ್ನೂ ಹುಷಾರು. ಹಾಲು ಒಡೆಯಲು ಹಾಕುವ ‘ಲಾಬ್’ ಕರುವಿನ ಹೊಟ್ಟೆಯಿಂದ ತೆಗೆದದ್ದಿರಬಹುದು. ಯೂರೋಪಿನ ನಿಯಮದ ಪ್ರಕಾರ ಚೀಸ್ ಪೊಟ್ಟಣದ ಮೇಲೆ ಅದನ್ನು ಬರೆಯಲೇಬೇಕು ಅಂತಿಲ್ಲ. ‘ಮಿಕ್ರೋಬಿಯೆಲ್ಲೆಸ್ ಲಾಬ್’ (ಸೂಕ್ಷ್ಮಜೀವಿಯಿಂದ ಮಾಡಿದ ಲಾಬ್) ಎಂದಿದ್ದರೆ ಅಥವಾ ಹಳದಿ ಗುಂಡಿನೊಳಗೆ ಎಲೆ ಇರುವ ವಿ ಗುರುತು ಇದ್ದರೆ ತಗೊಳ್ಳಬಹುದು. ಪಾರ್ಮೆಸಾನ್ ಎಂದು ಇಲ್ಲಿ ಮಾರುವ ಅಸಲಿ ಇಟಲಿ ಚೀಸ್ ಯಾವಾಗಲೂ ಕರುವಿನ ಲಾಬ್‌ನಲ್ಲೇ ಮಾಡಿದ್ದು, ಅದರ ನಿಯಮವೇ ಹಾಗಿದೆ. ನಾಲ್ಕು ವರ್ಷ ತಿಂದ ಮೇಲೆ ನನಗೆ ಗೊತ್ತಾದದ್ದು.

ಹಾಸನದ_ಆಲೂಗಡ್ಡೆ

ಮೊಟ್ಟೆ ವಿಷಯ ನನಗೆ ಹೊಳೆಯಲಿಲ್ಲ, ಸರಿ. ಚೀಸಿಂದು ಗೊತ್ತೇ ಇರಲಿಲ್ಲ. ಥ್ಯಾಂಕ್ಸ್ ಮೇಡಂ.

ಕಾವೇರಿ_ಕಣಿವೆ

ಬೇಕರಿಯಲ್ಲಿ ಬಿಡಿಯಾಗಿ ಮಾರುವ ಬನ್ನಿಗೆ ಪಟ್ಟಿಯೇ ಇರುವುದಿಲ್ಲ, ಅಲರ್ಜಿ ಮಾಹಿತಿ ಮಾತ್ರ ಕೊಡುತ್ತಾರೆ. ಬಾಯಿಬಿಟ್ಟು ಕೇಳಬೇಕು. ‘ಇಸ್ಟ್ ದಾ ಶ್ಮಾಲ್ಟ್ಸ್ ದ್ರಿನ್?’ ಎಂದರೆ ಸಾಕು, ಹೇಳುತ್ತಾರೆ. ಬ್ರೆಟ್ಸೆಲ್‌ಗೂ ಕೆಲವು ಕಡೆ ಹಾಕುತ್ತಾರೆ.

ಮೈಸೂರು_ಮಲ್ಲಿಗೆ_ಮನೆ

ಶ್ಮಾಲ್ಟ್ಸ್ ಎಂದು ಕಂಡಾಗಲೆಲ್ಲ ಹೆದರಿ ಓಡಬೇಡಿ. ಬುಟರ್‌ಶ್ಮಾಲ್ಟ್ಸ್ ಅಂದರೆ ಬೆಣ್ಣೆ ಕಾಯಿಸಿದ್ದು, ಅಂದರೆ ತುಪ್ಪವೇ. ನಾನು ಒಂದು ವರ್ಷ ಅದರ ಮುಂದೆಯೇ ಓಡಾಡಿದ್ದೇನೆ, ಮುಟ್ಟಲಿಲ್ಲ.

ಆದರೆ ಮನೆಯಲ್ಲೇ ಕಾಯಿಸಿ, ಅದರ ಮಾತೇ ಬೇರೆ. ಬೆಣ್ಣೆಯಲ್ಲಿ ಎರಡು ಥರ ಇರುತ್ತವೆ. ಜ್ಯೂಸ್‌ರಾಮ್ ಎಂದಿರುವುದು ಹಸಿ ಕೆನೆಯದ್ದು. ‘ಝೌವರ್‌ರಾಮ್‌ಬುಟರ್’ ಎಂದರೆ ಹುಳಿ ಬರಿಸಿದ ಕೆನೆಯಿಂದ ತೆಗೆದದ್ದು. ನಮ್ಮ ಮನೆಗಳಲ್ಲಿ ಮೊಸರು ಕಡೆದು ತೆಗೆದ ಬೆಣ್ಣೆಗೆ ಇದು ಹತ್ತಿರ. ಸಣ್ಣ ಉರಿಯಲ್ಲಿ ಕಾಯಿಸಿ, ತಳದಲ್ಲಿ ಗಸಿ ಕೆಂಪಗಾದಾಗ ಇಳಿಸಿ, ಒಂದು ವೀಳ್ಯದೆಲೆ ಹಾಕಲು ನಿಮ್ಮಲ್ಲಿ ಇರುವುದಿಲ್ಲ, ನಾಲ್ಕು ಕಾಳು ಮೆಂತ್ಯ ಹಾಕಿ. ಮನೆಯೆಲ್ಲ ಊರಿನ ವಾಸನೆ ಬರುತ್ತದೆ. ಪಕ್ಕದ ಮನೆಯ ಜರ್ಮನ್ ಅಜ್ಜಿ ಬಾಗಿಲು ತಟ್ಟಿ ಏನು ಮಾಡುತ್ತಿದ್ದೀರಿ ಎಂದು ಕೇಳಿದರು. ಈಗ ಅವರಿಗೂ ಒಂದು ಬಾಟಲಿ ಹೋಗುತ್ತದೆ.

ವಾಸ್ತವ_ಹೇಳ್ತೀನಿ

ಒಂದು ಮಾತು ಹೇಳಲಾ? ಬೇರೆ ದೇಶಕ್ಕೆ ಬಂದ ಮೇಲೆ ಅಲ್ಲಿಯದ್ದು ತಿನ್ನಲು ಕಲಿಯಬೇಕು. ಸೂಟ್‌ಕೇಸಿನಲ್ಲಿ 20 ಕೆಜಿ ಬೇಳೆ ಅಕ್ಕಿ ಹೊತ್ತುಕೊಂಡು ಬರುವುದು, ಮುಗಿದಾಗ ಅಳುವುದು, ಇದು ನನಗೆ ಅರ್ಥವಾಗುವುದಿಲ್ಲ. ಇಲ್ಲಿ ತರಕಾರಿ ಇಲ್ಲವಾ? ಆಲೂಗಡ್ಡೆ ಇಲ್ಲವಾ?

ಕುಂದಾಪ್ರ_ಕಡಲು

ಹಸಿವಾದಾಗ ಬಾಯಿ ಕೇಳುವುದು ಅಮ್ಮನ ಕೈಯ ರುಚಿಯನ್ನ ಮಾರಾಯ್ರೆ. ಹೆಣ್ಣುಮಗು ಒಬ್ಬಳೇ ಇದ್ದಾಳೆ, ನಾಲ್ಕು ತಿಂಗಳಾಗಿದೆ ಅಷ್ಟೆ. ಸಾರು ಬೇಕು ಅಂದರೆ ತಪ್ಪಾ?

ವಾಸ್ತವ_ಹೇಳ್ತೀನಿ

ತಪ್ಪು ಅಂತ ಹೇಳಲಿಲ್ಲ. ಒಗ್ಗಿಕೊಳ್ಳದಿದ್ದರೆ ಕಷ್ಟ ಜಾಸ್ತಿ ಅವರಿಗೇ ಅಂತ ಹೇಳಿದೆ.

ನವಿಲುಕೋಸು_ಪ್ರೇಮಿ

ಇಬ್ಬರೂ ಜಗಳ ಬಿಟ್ಟು ಸ್ವಲ್ಪ ಇಲ್ಲಿ ಕೇಳಿ. ಜರ್ಮನಿಯ ಅಂಗಡಿಗೆ ಹೋಗಿ ‘ಅಯ್ಯೋ ನಮ್ಮದು ಏನೂ ಇಲ್ಲ’ ಎನ್ನುವವರು ತರಕಾರಿ ಕಟ್ಟೆಯನ್ನು ಸರಿಯಾಗಿ ನೋಡಿರುವುದಿಲ್ಲ. ಕೋಲ್‌ರಾಬಿ ಅಂತ ರಾಶಿ ಹಾಕಿರುತ್ತಾರಲ್ಲ, ಅದೇ ನಮ್ಮ ನವಿಲುಕೋಸು! ಇಲ್ಲಿನವರ ಮನೆಯ ದಿನಬಳಕೆಯ ತರಕಾರಿ ಅದು. ಎಳೆಯದಿದ್ದರೆ ಸಿಪ್ಪೆ ತೆಗೆದರೆ ಬೆಣ್ಣೆಯಂತಿರುತ್ತದೆ. ಅದರ ಎಲೆಯನ್ನು ಇಲ್ಲಿ ಬಹಳ ಜನ ಕಿತ್ತು ಅಲ್ಲೇ ಬಿಟ್ಟು ಹೋಗುತ್ತಾರೆ. ನಾನು ಅದನ್ನೂ ತಂದು ಪಲ್ಯ ಮಾಡುತ್ತೇನೆ.

ಇನ್ನು ಡಿಲ್. ಸಣ್ಣ ಕಂತೆ ಕಟ್ಟಿ ಇಟ್ಟಿರುತ್ತಾರೆ, ಕೆಲವು ಕಡೆ ಕುಂಡದಲ್ಲೇ ಮಾರುತ್ತಾರೆ. ಸೌತೆಕಾಯಿ ಸಲಾಡಿಗೆ ಹಾಕುತ್ತಾರೆ ಇವರು. ಒಂದು ಎಲೆ ಉಜ್ಜಿ ಮೂಸಿ ನೋಡಿ. ಸಬ್ಬಸಿಗೆ ಸೊಪ್ಪು! ಭಾರತದಲ್ಲೇ ಎಷ್ಟೋ ರಾಜ್ಯದವರು ಇದನ್ನು ನಮ್ಮಷ್ಟು ತಿನ್ನುವುದಿಲ್ಲ. ಅಕ್ಕಿರೊಟ್ಟಿಗೆ ಹಾಕಿ, ಉಪ್ಪಿಟ್ಟಿಗೆ ಹಾಕಿ, ಬಸ್ಸಾರು ಮಾಡಿ. ರೆಟ್ಟಿಖ್ ಅಂದರೆ ಬಿಳಿ ಮೂಲಂಗಿ, ಹುಳಿಗೆ ಆಯಿತು. ಹೊಕ್ಕಾಯ್ಡೊ ಎನ್ನುವ ಕೆಂಪು ಕುಂಬಳವನ್ನು ಸಿಪ್ಪೆ ಸಮೇತ ಬೇಯಿಸಬಹುದು.

ವಾಸ್ತವ ಅವರು ಹೇಳಿದ ಹಾಗೆ ಇಲ್ಲಿಯ ತರಕಾರಿಯೇ ಇದು. ಕುಂದಾಪುರದವರು ಹೇಳಿದ ಹಾಗೆ ಅಮ್ಮನ ರುಚಿಯೂ ಇದೇ.

ತುಂಗಾತೀರ

ಸಬ್ಬಸಿಗೆ ಸೊಪ್ಪಾ?! ನಾನು ದಿನಾ ಅದರ ಪಕ್ಕದಲ್ಲೇ ನಿಂತು ಟೊಮೆಟೊ ಆರಿಸುತ್ತೇನೆ.

ಪೂರ್ವದಿಕ್ಕು

ನಾನು ಕೆಮ್ನಿಟ್ಸ್‌ನಲ್ಲಿ ಓದಿದವನು. ಪೂರ್ವ ಜರ್ಮನಿಯಲ್ಲಿ ಇಂಡಿಯನ್ ಅಂಗಡಿ ಹುಡುಕುವ ಮೊದಲು ವಿಯೆಟ್ನಾಮಿ ಅಂಗಡಿ ಹುಡುಕಿ. ಹಿಂದೆ ಕಮ್ಯುನಿಸ್ಟ್ ಸರ್ಕಾರ ಇದ್ದಾಗ 1980ರ ದಶಕದಲ್ಲಿ ಫ್ಯಾಕ್ಟರಿ ಕೆಲಸಕ್ಕೆ ವಿಯೆಟ್ನಾಮಿನಿಂದ ಸಾವಿರಾರು ಜನರನ್ನು ಕರೆಸಿದ್ದರು. ಬರ್ಲಿನ್ ಗೋಡೆ ಬಿದ್ದ ಮೇಲೆ ಫ್ಯಾಕ್ಟರಿಗಳು ಮುಚ್ಚಿದವು. ಉಳಿದುಕೊಂಡ ಎಷ್ಟೋ ಜನ ಅಂಗಡಿ ಹಾಕಿಕೊಂಡರು. ‘ಆಸಿಯಾ ಲಾಡೆನ್’, ಅಂದರೆ ಏಷ್ಯಾ ಅಂಗಡಿ ಎಂದು ಬೋರ್ಡ್ ಇರುತ್ತದೆ. ಬರ್ಲಿನ್‌ನ ಲಿಖ್ಟನ್‌ಬೆರ್ಗ್‌ನಲ್ಲಿ ಡಾಂಗ್ ಶ್ವಾನ್ ಸೆಂಟರ್ ಎಂದು ದೊಡ್ಡ ಮಾರುಕಟ್ಟೆಯೇ ಇದೆ.

ಅವರ ಹತ್ತಿರ ಸಿಪ್ಪೆ ತೆಗೆದ ಹೆಸರುಬೇಳೆ ಸಿಗುತ್ತದೆ, ಅವರೂ ಸಿಹಿಗೆ ಬಳಸುತ್ತಾರೆ. ಕೊತ್ತಂಬರಿ, ಹಸಿಮೆಣಸು, ಶುಂಠಿ, ಹಾಗಲಕಾಯಿ, ಹಸಿ ಕಡಲೆಕಾಯಿ ಬೀಜ, ಫ್ರೀಜರಿನಲ್ಲಿ ತುರಿದ ತೆಂಗಿನಕಾಯಿ, ಬಾಳೆ ಎಲೆ. ಅಕ್ಕಿಹಿಟ್ಟು ತಗೊಳ್ಳುವಾಗ ಗಮನ ಇರಲಿ. ಮೂರು ತಲೆಯ ಆನೆ ಚಿತ್ರದ ಥಾಯ್ ಪೊಟ್ಟಣಗಳಲ್ಲಿ ಕೆಂಪು ಬಣ್ಣದ್ದು ಮಾಮೂಲಿ ಅಕ್ಕಿಹಿಟ್ಟು, ಹಸಿರು ಬಣ್ಣದ್ದು ಅಂಟಕ್ಕಿ ಹಿಟ್ಟು. ಹಸಿರು ತಂದು ರೊಟ್ಟಿ ತಟ್ಟಿದರೆ ಕಾವಲಿಗೆ ಕಚ್ಚಿಕೊಂಡು ಬಿಡುವುದೇ ಇಲ್ಲ. ಕೆಂಪಿನದ್ದೂ ತೀರಾ ನುಣುಪು, ಕುದಿಯುವ ನೀರು ಹಾಕಿ ಕಲಸಿ.

ಡಾಯ್ಚ್‌ಲಾಂಡ್ ಟಿಕೆಟ್ (ದೇಶಕ್ಕೆಲ್ಲ ನಡೆಯುವ ತಿಂಗಳ ಪಾಸು) ಇದ್ದರೆ ಲೋಕಲ್ ರೈಲಿಗೆ ಬೇರೆ ಖರ್ಚಿಲ್ಲ. ಒಂದು ಶನಿವಾರ ಎರ್ಫುರ್ಟ್, ಇನ್ನೊಂದು ಶನಿವಾರ ಲೈಪ್ಜಿಗ್‌ನ ಐಜನ್‌ಬಾನ್ ರಸ್ತೆ. ಅಲ್ಲಿ ಟರ್ಕಿ, ಅರಬ್ ಅಂಗಡಿಗಳು ಸಾಲಾಗಿವೆ. ಭಾನುವಾರ ಹೋಗಬೇಡಿ, ಎಲ್ಲ ಮುಚ್ಚಿರುತ್ತದೆ.

ರೈನ್_ದಂಡೆ

ಟರ್ಕಿ ಅಂಗಡಿ ಮರೆತಿದ್ದೆ! ಕೊತ್ತಂಬರಿ ಸೊಪ್ಪು ಅಲ್ಲಿ ದೊಡ್ಡ ಕಂತೆ. ಬೆಂಡೆಕಾಯಿಗೆ ‘ಬಾಮ್ಯಾ’ ಎನ್ನುತ್ತಾರೆ, ರವೆಗೆ ‘ಇರ್ಮಿಕ್’. ‘ಲೆಬ್ಲೆಬಿ’ ಅಂತ ಹುರಿದ ಕಡಲೆ ಸಿಗುತ್ತದೆ. ಉಪ್ಪಿಲ್ಲದ್ದು ನೋಡಿ ತಗೊಂಡರೆ ಚಟ್ನಿಗೆ ಹುರಿಗಡಲೆ ಆಯಿತು. ಮೊಸರು ಬಕೆಟ್‌ನಲ್ಲೇ ಮಾರುತ್ತಾರೆ, ಗಟ್ಟಿಯಾಗಿ ಚೆನ್ನಾಗಿರುತ್ತದೆ.

ಕರಿಬೇವು, ನುಗ್ಗೆಕಾಯಿ, ಪಡವಲಕಾಯಿಗೆ ಶ್ರೀಲಂಕಾ ತಮಿಳರ ಅಂಗಡಿಯೇ ಬೇಕು. 1983ರ ಗಲಭೆಯ ನಂತರ ಬಂದವರು ಈ ಪಶ್ಚಿಮ ಭಾಗದಲ್ಲಿ ಜಾಸ್ತಿ. ಹಾಮ್ ಊರಿನಲ್ಲಿ ಅವರು ಕಟ್ಟಿದ ಕಾಮಾಕ್ಷಿ ಅಮ್ಮನ ದೇವಸ್ಥಾನ ಇದೆ, 2002ರದ್ದು. ತೇರಿನ ದಿನ ಒಮ್ಮೆ ಬನ್ನಿ, ದರ್ಶನವೂ ಆಯಿತು, ದಿನಸಿಯೂ ಆಯಿತು.

ಲೆಸ್ಟರ್_ಅಜ್ಜಿ

ಮಗಳೇ, ನಾನು 1979ರಲ್ಲಿ ಮದುವೆಯಾಗಿ ಇಂಗ್ಲೆಂಡಿನ ಲೆಸ್ಟರ್‌ಗೆ ಬಂದವಳು. ನಮ್ಮದು ತುಮಕೂರು ಕಡೆ. ಇಂಗ್ಲಿಷ್ ಅಷ್ಟಕ್ಕಷ್ಟೆ, ಗುಜರಾತಿ ಒಂದಕ್ಷರ ಬಾರದು. ಇಲ್ಲಿ ಅಂಗಡಿ ಇಟ್ಟವರೆಲ್ಲ ಗುಜರಾತಿಗಳು, 1972ರಲ್ಲಿ ಇದಿ ಅಮೀನ್ ಉಗಾಂಡದಿಂದ ಓಡಿಸಿದ ಮೇಲೆ ಬಂದವರು.

ತೊಗರಿಬೇಳೆ ಮುಗಿದಾಗ ಹೆಸರು ಹೇಗೆ ಹೇಳುವುದು ಎಂದು ತಿಳಿಯಲಿಲ್ಲ. ಡಬ್ಬಿಯ ತಳದಲ್ಲಿ ಉಳಿದ ನಾಲ್ಕು ಕಾಳನ್ನು ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡು ಹೋದೆ. ಅಂಗಡಿಯ ಹೆಂಗಸು ಕಂಪಾಲಾದವರು. ಗಂಟು ಬಿಚ್ಚಿ ತೋರಿಸಿದೆ. ಒಂದು ಕಾಳು ಬಾಯಿಗೆ ಹಾಕಿ ಕಚ್ಚಿ ನೋಡಿ, ‘ತುವೇರ್!’ ಎಂದು ಒಳಗೆ ಹೋಗಿ ಒಂದು ಚೀಲ ತಂದರು. ಆವತ್ತಿನಿಂದ ಅವರು ನನಗೆ ಬೆನ್, ಅಂದರೆ ಅಕ್ಕ, ನಾನೂ ಅವರಿಗೆ ಬೆನ್. ಅವರು ಹೋಗಿ ಒಂಬತ್ತು ವರ್ಷವಾಯಿತು, ಈಗ ಸೊಸೆ ಅಂಗಡಿ ನೋಡುತ್ತಾಳೆ.

ಆ ಬೇಳೆಗೆ ಎಣ್ಣೆ ಸವರಿರುತ್ತದೆ, ಹುಳ ಬೀಳದಿರಲಿ ಅಂತ. ‘ಆಯ್ಲಿ’ ಎಂದು ಬರೆದಿರುತ್ತದೆ. ಬಿಸಿನೀರಲ್ಲಿ ಎರಡು ಮೂರು ಸಲ ಚೆನ್ನಾಗಿ ಉಜ್ಜಿ ತೊಳೆ. ಇಲ್ಲದಿದ್ದರೆ ಸಾರಿನ ರುಚಿ ಬೇರೆಯಾಗುತ್ತದೆ. ನೀನು ಹೆಸರು ಕೇಳಬೇಡ, ಕಾಳು ತೋರಿಸು.

ಇನ್ನೊಂದು. ಗುಜರಾತಿ ಅಂಗಡಿಯ ಫ್ರೀಜರಿನಲ್ಲಿ ‘ಸುರ್ತಿ ಲಿಲ್ವಾ’ ಎಂದು ಹಸಿರು ಕಾಳಿನ ಪೊಟ್ಟಣ ಕಂಡರೆ ಬಿಡಬೇಡ. ಅದು ನಮ್ಮ ಅವರೆಕಾಳು. ಸೊಗಡು ಅಷ್ಟಿಲ್ಲ, ಆದರೆ ಸಂಕ್ರಾಂತಿಗೆ ಹಿತಕಿದ ಬೇಳೆ ಸಾರು ಮಾಡಿದ್ದೇನೆ, 40 ವರ್ಷದಿಂದ ತಪ್ಪಿಸಿಲ್ಲ.

ಕುಂದಾಪ್ರ_ಕಡಲು

ಅಜ್ಜಿ, ಕಣ್ಣು ತುಂಬಿ ಬಂತು.

ಎಡಿಸನ್_ಎಂಜಿನಿಯರ್

ನಮ್ಮ ನ್ಯೂಜೆರ್ಸಿಯಲ್ಲಿ ಈ ಕಷ್ಟವೇ ಇಲ್ಲ. ಓಕ್ ಟ್ರೀ ರಸ್ತೆಗೆ ಹೋದರೆ ಗಾಂಧಿ ಬಜಾರಿಗೆ ಹೋದ ಹಾಗೆ. ಸೋನಾ ಮಸೂರಿ, ಚಿತ್ರಾನ್ನದ ಗೊಜ್ಜು, ಎಂ.ಟಿ.ಆರ್. ಬಿಸಿಬೇಳೆಬಾತ್ ಪುಡಿ ಎಲ್ಲ ಸಿಗುತ್ತದೆ.

ಮೈಸೂರು_ಮಲ್ಲಿಗೆ_ಮನೆ

ಸಂತೋಷ ಸರ್. ಆದರೆ ಕೇಳುತ್ತಿರುವವರು ಇಲ್ಮೆನಾವ್‌ನಲ್ಲಿದ್ದಾರೆ. ಅಂದಹಾಗೆ ಎಂ.ಟಿ.ಆರ್. ಪುಡಿಗಳ ಕಂಪನಿಯನ್ನು 2007ರಲ್ಲೇ ನಾರ್ವೆಯ ಓರ್ಕ್ಲಾ ಕೊಂಡುಕೊಂಡಿದೆ. ಮಾಲೀಕರು ಈಗ ನಮ್ಮ ಯೂರೋಪಿನವರೇ, ಆದರೂ ನಮ್ಮೂರ ಅಂಗಡಿಗೆ ಎರಡು ತಿಂಗಳಿಗೊಮ್ಮೆ ಬರುತ್ತದೆ.

ಬಾದಾಮಿ_ಬಂಡೆ

ನಮ್ಮ ಉತ್ತರ ಕರ್ನಾಟಕದವರ ಪಾಡು ಯಾರೂ ಕೇಳುವುದಿಲ್ಲ ನೋಡ್ರಿ. ಸಾರು ಹುಳಿ ಬಿಟ್ಟು ಬೇರೆ ಊಟವೂ ಇದೆ. ಜೋಳದ ಹಿಟ್ಟು ಎಲ್ಲಿ ಸಿಗುತ್ತದೆ? ಮೆಕ್ಕೆಜೋಳದ ಹಿಟ್ಟು ಕೊಟ್ಟು ಇದೇ ಜೋಳ ಎನ್ನುತ್ತಾರೆ. ಇನ್ನೊಂದು, ಗುರೆಳ್ಳು ಚಟ್ನಿಪುಡಿ ಇಲ್ಲದೆ ಊಟ ಸೇರುವುದಿಲ್ಲ. ಗುರೆಳ್ಳು ಹಕ್ಕಿ ಕಾಳಿನ ಅಂಗಡಿಯಲ್ಲಿ ಕಂಡೆ. ತರಬಹುದಾ?

ಲೇಬಲ್_ಓದುವವಳು

ಹಕ್ಕಿ ಕಾಳು ತರಬೇಡಿ ಅಣ್ಣ. ಕಾಳು ಅದೇ ನಿಜ, ಆದರೆ ಮನುಷ್ಯರು ತಿನ್ನಲಿ ಅಂತ ಶುಚಿ ಮಾಡಿ ಪರೀಕ್ಷಿಸಿದ್ದಲ್ಲ. ಊರಿಂದ ಚಟ್ನಿಪುಡಿಯನ್ನೇ ಮಾಡಿಸಿ ತರಿಸಿಕೊಳ್ಳಿ. ಒಣ ಪುಡಿ ತರಲು ತೊಂದರೆ ಇಲ್ಲ. ಜೋಳದ ಹಿಟ್ಟು ಇಂಡಿಯನ್ ಅಂಗಡಿಯಲ್ಲಿ ‘ಜುವಾರ್’ ಅಥವಾ ‘ಜೋವಾರ್’ ಎಂದು ಸಿಗುತ್ತದೆ. ಹಳೆಯದಾದರೆ ರೊಟ್ಟಿ ಬಿರಿಯುತ್ತದೆ, ತಾರೀಖು ನೋಡಿ ತಗೊಳ್ಳಿ.

ರಾಗಿಗೂ ಇದೇ ಮಾತು. ಸೂಪರ್‌ಮಾರ್ಕೆಟ್‌ನ ‘ಹಿರ್ಸೆ’ ರಾಗಿ ಅಲ್ಲ, ಅದು ಹಳದಿ ಬರಗು. ರಾಗಿಗೆ ಜರ್ಮನ್‌ನಲ್ಲಿ ಫಿಂಗರ್‌ಹಿರ್ಸೆ. ಹಿರ್ಸೆಯಲ್ಲಿ ಮುದ್ದೆ ಕಟ್ಟಲು ಬರುವುದಿಲ್ಲ, ಆದರೆ ಪೊಂಗಲ್ ಚೆನ್ನಾಗಿ ಆಗುತ್ತದೆ.

ದುಬೈ_ದಾವಣಗೆರೆ

ಇಲ್ಲಿ ಓದುವವರಲ್ಲಿ ಕೊಲ್ಲಿ ದೇಶದವರೂ ಇರಬಹುದು ಅಂತ ಹೇಳುತ್ತಿದ್ದೇನೆ. ಗಸಗಸೆ ತರಬೇಡಿ! ಯುಎಇಯಲ್ಲಿ ನಿಷೇಧ ಇದೆ, ಸಿಂಗಾಪುರದಲ್ಲೂ ನಿರ್ಬಂಧ ಇದೆ. ಮಾದಕ ವಸ್ತುವಿನ ಕಾನೂನಿನಡಿ ಬರುತ್ತದೆ. ಅಮ್ಮಂದಿರು ಪಾಯಸಕ್ಕೆ ಅಂತ ಒಂದು ಸಣ್ಣ ಪೊಟ್ಟಣ ಬಟ್ಟೆಗಳ ನಡುವೆ ತುರುಕಿರುತ್ತಾರೆ. ಮಸಾಲೆ ಪುಡಿಯಲ್ಲಿ ಸೇರಿಸಿದ್ದರೂ ಕಷ್ಟ. ಹೊರಡುವ ಮುಂಚೆ ಒಂದೊಂದು ಪೊಟ್ಟಣವನ್ನೂ ನೋಡಿ.

ಕಾವೇರಿ_ಕಣಿವೆ

ಜರ್ಮನಿಯಲ್ಲಿ ಉಲ್ಟಾ. ‘ಮೋನ್’ ಅಂತ ಎಲ್ಲ ಅಂಗಡಿಯಲ್ಲೂ ಗಸಗಸೆ. ಕೇಕಿನೊಳಗೆ ದಪ್ಪಗೆ ತುಂಬುತ್ತಾರೆ. ಆದರೆ ನೀಲಿ ಬಣ್ಣದ್ದು, ಪಾಯಸ ಬೂದಿ ಬಣ್ಣ ಬರುತ್ತದೆ. ರುಚಿ ಚೆನ್ನಾಗಿಯೇ ಇರುತ್ತದೆ.

ಹಾಸನದ_ಆಲೂಗಡ್ಡೆ

ತರುವ ವಿಷಯ ಬಂತಲ್ಲ, ತುಪ್ಪ ಮತ್ತು ಪನೀರ್ ಯೂರೋಪಿಗೆ ತರಬಾರದು. ಹೊರದೇಶದ ಹಾಲಿನ ಪದಾರ್ಥ ಲಗೇಜಿನಲ್ಲಿ ಬಿಡುವುದಿಲ್ಲ. 2019ರ ಡಿಸೆಂಬರಿನಿಂದ ಹಸಿ ಹಣ್ಣು, ತರಕಾರಿ, ಸೊಪ್ಪಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಹಾಗಾಗಿ ಕರಿಬೇವು ಚೀಲದಲ್ಲಿ ತರುವ ಹಾಗಿಲ್ಲ. ತೆಂಗಿನಕಾಯಿ, ಬಾಳೆಹಣ್ಣು, ಅನಾನಸ್, ಖರ್ಜೂರ, ಡುರಿಯನ್ ಇವಕ್ಕೆ ಮಾತ್ರ ವಿನಾಯಿತಿ.

ಕುಂದಾಪ್ರ_ಕಡಲು

ಕರಿಬೇವಿನ ಬಗ್ಗೆ ನಾನು ಹೇಳುತ್ತೇನೆ, ಏಕೆಂದರೆ ನೋವು ತಿಂದವನು. ನರ್ಸರಿಯೊಂದರಲ್ಲಿ ‘ಕರಿಕ್ರೌಟ್’ ಎಂದು ಕುಂಡ ಇಟ್ಟಿದ್ದರು. ಹೆಸರು ನೋಡಿ ಎರಡು ತಂದೆ. ಬೆಳ್ಳಿ ಬಣ್ಣದ ಸೂಜಿಯಂಥ ಎಲೆ. ಮೂಸಿದರೆ ಹೋಟೆಲಿನ ಕರಿ ಪೌಡರ್ ವಾಸನೆ ಬರುತ್ತದೆ. ಇದು ಬೇರೆ ಜಾತಿಯಿರಬೇಕು, ಚಳಿಗೆ ಎಲೆ ಸಣ್ಣಗಾಗಿರಬೇಕು ಅಂತ ಮನಸ್ಸಿಗೆ ಸಮಾಧಾನ ಮಾಡಿಕೊಂಡು ಒಗ್ಗರಣೆಗೆ ಹಾಕಿದೆ. ಬಾಯೆಲ್ಲ ಕಹಿ. ನಮ್ಮ ಕರಿಬೇವಿಗೂ ಅದಕ್ಕೂ ಸಂಬಂಧವೇ ಇಲ್ಲ ಮಾರಾಯ್ರೆ.

ಆಮೇಲೆ ಫ್ರಾಂಕ್‌ಫರ್ಟ್‌ನ ಸ್ನೇಹಿತರು ಅಸಲಿ ಸಸಿ ಕೊಟ್ಟರು. ಬಿಸಿಲು ಬೀಳುವ ಕಿಟಕಿಯಲ್ಲಿಡಿ. ನವೆಂಬರಿನಿಂದ ನೀರು ಕಡಿಮೆ ಮಾಡಿ. ಎಲೆಯೆಲ್ಲ ಉದುರಿ ಬರೀ ಕಡ್ಡಿ ಉಳಿಯುತ್ತದೆ. ಸತ್ತಿತು ಅಂತ ಎಸೆಯಬೇಡಿ. ಉಗುರಿನಿಂದ ಕಾಂಡ ಸ್ವಲ್ಪ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಜೀವ ಇದೆ. ನನ್ನದು ಮಾರ್ಚ್ ಕೊನೆಗೆ ಚಿಗುರಿತು. ಬೇಸಿಗೆಯಲ್ಲಿ ಹುಳಿ ಮಜ್ಜಿಗೆ ನೀರು ಮಾಡಿ ಹಾಕುತ್ತೇನೆ, ಊರಲ್ಲಿ ಅಮ್ಮ ಹಾಕುತ್ತಿದ್ದ ಹಾಗೆ.

ಅಲ್ಲಿಯವರೆಗೆ ತಮಿಳರ ಅಂಗಡಿಯಿಂದ ಸಿಕ್ಕಿದಾಗ ಜಾಸ್ತಿ ತಂದು, ತೊಳೆದು, ನೀರು ಪೂರ್ತಿ ಆರಿಸಿ ಫ್ರೀಜರಿನಲ್ಲಿಡಿ. ಕಪ್ಪಗಾಗುತ್ತದೆ, ಪರಿಮಳ ಹೋಗುವುದಿಲ್ಲ. ಇನ್ನು ವಿಯೆಟ್ನಾಮಿ ಅಂಗಡಿಯ ಡಬ್ಬಿ ಹಲಸು. ಉಪ್ಪುನೀರಿನಲ್ಲಿ ಹಾಕಿದ ಎಳೆಗುಜ್ಜೆಯೇ ಬೇಕು ಪಲ್ಯಕ್ಕೆ. ಸಕ್ಕರೆ ಪಾಕದಲ್ಲಿ ಹಾಕಿದ್ದು ಬೇರೆ.

ಬಾದಾಮಿ_ಬಂಡೆ

ಈ ಚಳಿಯಲ್ಲಿ ಇಡ್ಲಿ ಹಿಟ್ಟು ಉಬ್ಬುವುದಿಲ್ಲ, ಅದಕ್ಕೂ ಯಾರಾದರೂ ಹೇಳ್ರಿ. ಕೈಯಲ್ಲಿ ಕಲಸಿದರೆ ಉಬ್ಬುತ್ತದೆ ಎಂದು ಅವ್ವ ಹೇಳುತ್ತಾಳೆ.

ನವಿಲುಕೋಸು_ಪ್ರೇಮಿ

ಅವ್ವನ ಮಾತು ತೆಗೆದುಹಾಕುವುದಿಲ್ಲ. ಆದರೆ ಹುಳಿ ಬರಿಸುವ ಸೂಕ್ಷ್ಮಜೀವಿ ಮುಖ್ಯವಾಗಿ ಉದ್ದಿನಬೇಳೆಯಲ್ಲೇ ಇರುತ್ತದೆ. ಅದಕ್ಕೆ ಬೇಕಾದದ್ದು ಬೆಚ್ಚಗಿನ ಜಾಗ. ಬೇಳೆಯನ್ನು ತೀರಾ ಉಜ್ಜಿ ತೊಳೆಯಬೇಡಿ, ನೆನೆಸಿದ ನೀರಲ್ಲೇ ರುಬ್ಬಿ, ಒಂದು ಚಮಚ ಮೆಂತ್ಯ ಸೇರಿಸಿ. ಪಾತ್ರೆಯನ್ನು ಓವನ್ ಒಳಗಿಟ್ಟು ದೀಪ ಮಾತ್ರ ಹಾಕಿ ಬಿಡಿ. ಓವನ್ ಹಚ್ಚಬೇಡಿ. 14 ಗಂಟೆ ಆದರೂ ಕಾಯಿರಿ.

ಮೈಸೂರು_ಮಲ್ಲಿಗೆ_ಮನೆ

ಉಪ್ಪು ಕೊನೆಗೆ ಹಾಕಬೇಕು.

ರೈನ್_ದಂಡೆ

ಮೊದಲೇ ಹಾಕಬೇಕು! ನಮ್ಮಮ್ಮ ರುಬ್ಬುವಾಗಲೇ ಹಾಕುತ್ತಾರೆ.

ಮೈಸೂರು_ಮಲ್ಲಿಗೆ_ಮನೆ

ನಿಮ್ಮಮ್ಮ ಇರುವುದು ಮಂಗಳೂರಲ್ಲಿ. ಅಲ್ಲಿ ಉಪ್ಪು ಹಾಕದಿದ್ದರೆ ಬೆಳಗಾಗುವಷ್ಟರಲ್ಲಿ ಹುಳಿ ಜಾಸ್ತಿಯಾಗುತ್ತದೆ. ಇಲ್ಲಿ ಚಳಿಯಲ್ಲಿ ಉಪ್ಪು ಬಿದ್ದರೆ ಇನ್ನೂ ನಿಧಾನ. ಎರಡೂ ಮಾಡಿ ನೋಡಿದ್ದೇನೆ.

ಟೋಕಿಯೊ_ತಿಪಟೂರು

ನಿಮ್ಮ ಜರ್ಮನಿ ಪರವಾಗಿಲ್ಲ. ಇಲ್ಲಿ ಜಪಾನಿನಲ್ಲಿ ತರಕಾರಿ ಸೂಪಿಗೂ ಮೀನಿನ ದಾಶಿ, ಅಂದರೆ ಮೀನು ಬೇಯಿಸಿದ ತಿಳಿ ನೀರು ಹಾಕಿರುತ್ತಾರೆ. ಮಾಂಸ ಇಲ್ಲ ಎಂದು ಅವರು ಪ್ರಾಮಾಣಿಕವಾಗಿಯೇ ಹೇಳುತ್ತಾರೆ, ಏಕೆಂದರೆ ಎಷ್ಟೋ ಜನರಿಗೆ ಮೀನು ಮಾಂಸದ ಲೆಕ್ಕದಲ್ಲಿ ಬರುವುದಿಲ್ಲ. ಕೊಂಬು ಎನ್ನುವ ಕಡಲ ಪಾಚಿಯ ದಾಶಿ ಮಾತ್ರ ನಮಗೆ ಸರಿ. ದಿನಸಿಗೆ ನಿಶಿಕಸಾಯಿ ಅಥವಾ ಶಿನ್ ಒಕುಬೊಗೆ ಹೋಗುತ್ತೇನೆ. ಬೆಂಡೆಕಾಯಿಗೆ ಇಲ್ಲಿ ಒಕುರಾ ಎನ್ನುತ್ತಾರೆ, ಎಲ್ಲ ಕಡೆ ಸಿಗುತ್ತದೆ. ಗೊಜ್ಜು ಮಾಡಿಕೊಳ್ಳುತ್ತೇನೆ.

ತುಂಗಾತೀರ

ಎಲ್ಲರಿಗೂ ಎಷ್ಟು ಹೇಳಿದರೂ ಸಾಲದು. ಶನಿವಾರ ಎರ್ಫುರ್ಟ್‌ಗೆ ಹೋಗಿದ್ದೆ. ಲೆಸ್ಟರ್ ಅಜ್ಜಿ ಹೇಳಿದ ಹಾಗೆ ಬೇಳೆ ಡಬ್ಬಿ ಕೊಡವಿದೆ. ಮೂಲೆಯಲ್ಲಿ ಆರು ಕಾಳು ಸಿಕ್ಕಿದವು. ಕಾಗದದಲ್ಲಿ ಮಡಿಸಿಕೊಂಡು ಹೋದೆ. ವಿಯೆಟ್ನಾಮಿ ಅಂಗಡಿಯ ಆಂಟಿ ಅಂಗೈಯಲ್ಲಿಟ್ಟುಕೊಂಡು ನೋಡಿ ಮೊದಲು ಹೆಸರುಬೇಳೆ ತಂದರು. ಅದನ್ನು ತಗೊಂಡೆ, ಆದರೆ ಇದಲ್ಲ ಎಂದು ತಲೆ ಆಡಿಸಿದೆ. ಮಗನನ್ನು ಕರೆದರು. ಅವನು ಕಾಳು ನೋಡಿ ಎರಡು ರಸ್ತೆ ಆಚೆಯ ಅಫ್ಘಾನ್ ಅಂಗಡಿಯ ದಾರಿಯನ್ನು ಅದೇ ಕಾಗದದ ಹಿಂದೆ ಬರೆದುಕೊಟ್ಟ. ಅಲ್ಲಿ ಕೆಳಗಿನ ಗೂಡಿನಲ್ಲಿ ಎರಡು ಕೆಜಿ ಚೀಲ ಇತ್ತು. ಎಣ್ಣೆ ಸವರಿದ್ದೇ. ಇಂಗೂ ಸಿಕ್ಕಿತು.

ಭಾನುವಾರ ಬೇಳೆಯನ್ನು ಬಿಸಿನೀರಲ್ಲಿ ಮೂರು ಸಲ ತೊಳೆದೆ. ನವಿಲುಕೋಸು ಹಾಕಿ ಹುಳಿ ಮಾಡಿದೆ. ಕಡೆಯ ಮೂರು ಚಮಚ ಪುಡಿ ಅದಕ್ಕೇ ಹೋಯಿತು. ಜೀರಿಗೆ ಈ ಸಲ ಸರಿಯಾದದ್ದು! ಕೆಂಪು ಪೊಟ್ಟಣದ ಹಿಟ್ಟಲ್ಲಿ ಸಬ್ಬಸಿಗೆ ರೊಟ್ಟಿ ತಟ್ಟಿದೆ, ಮೊದಲನೆಯದು ಮುರಿಯಿತು, ಉಳಿದ ನಾಲ್ಕು ಚೆನ್ನಾಗಿ ಬಂದವು. ಬನ್ನಿನ ಪೊಟ್ಟಣ ಓದಿ ಹೇಳಿದ ಸಹಪಾಠಿಯನ್ನೂ ಕರೆದಿದ್ದೆ. ಡಿಲ್ ಅನ್ನು ಹೀಗೂ ತಿನ್ನಬಹುದಾ ಎಂದು ಎರಡು ರೊಟ್ಟಿ ತಿಂದಳು.

ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಬನ್ನಿನ ವಿಷಯವನ್ನೂ ಹೇಳಿಬಿಟ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ‘ಗೊತ್ತಿಲ್ಲದೆ ತಿಂದದ್ದು, ಬಿಡು. ಹುಳಿಗೆ ಕಾಯಿ ಹಾಕಿದೆಯಾ?’ ಎಂದು ಕೇಳಿದರು.

ಲೆಸ್ಟರ್_ಅಜ್ಜಿ

ಹಾಕಿದೆಯಾ ಮಗಳೇ?

ತುಂಗಾತೀರ

ಹಾಕಿದೆ ಅಜ್ಜಿ. ಫ್ರೀಜರ್ ತುರಿ, ಒಂದು ಹಿಡಿ. ಈಗ ಸಾರಿನ ಪುಡಿ ಮನೆಯಲ್ಲೇ ಮಾಡಬೇಕು. ಬ್ಯಾಡಗಿ ಮೆಣಸಿನಕಾಯಿ ಇಲ್ಲಿ ಸಿಗುವುದಿಲ್ಲ, ಬಣ್ಣಕ್ಕೆ ಏನು ಹಾಕಲಿ?

ರೈನ್_ದಂಡೆ

ಕಾಶ್ಮೀರಿ ಮೆಣಸಿನಕಾಯಿ ಸಿಕ್ಕಿದರೆ ಅದು. ಇಲ್ಲದಿದ್ದರೆ ಖಾರಕ್ಕೆ ಗುಂಟೂರು ನಾಲ್ಕು, ಬಣ್ಣಕ್ಕೆ ‘ಎಡೆಲ್‌ಜ್ಯೂಸ್’ ಎಂದು ಬರೆದ ಸಿಹಿ ಪಾಪ್ರಿಕಾ ಪುಡಿ ಎರಡು ಚಮಚ. ಪಾಪ್ರಿಕಾ ಹುರಿಯಬೇಡಿ, ಸೀದು ಕಹಿಯಾಗುತ್ತದೆ. ಉಳಿದದ್ದೆಲ್ಲ ಹುರಿದು ಪುಡಿ ಮಾಡಿ, ತಣ್ಣಗಾದ ಮೇಲೆ ಕಲಸಿ.